ನಾಲ್ಕು ತಂತಿಗಳ ಸರದಿ

ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿ ರಾಶಿಯಿಂದ ಹೆಕ್ಕಿ ತಂದ ನೆಟ್‌ವರ್ಕ್ ಕಾರ್ಡೊಂದು ನನ್ನ ಮೇಜಿನ ಮೇಲಿದೆ. ಕೇಬಲ್ ಸಿಕ್ಕಿಸಲು ನಾಲ್ಕು ಕಿಂಡಿ. ಅವುಗಳ ಹಿಂದೆ ಒಂದೇ ಬಗೆಯ ನಾಲ್ಕು ಚಿಪ್. ಮದರ್‌ಬೋರ್ಡಿನ ಸ್ಲಾಟಿಗೆ ಕೂರುವ ಹೊಂಬಣ್ಣದ ಹಲ್ಲುಗಳ ಹತ್ತಿರ ಇನ್ನೊಂದು ದೊಡ್ಡ ಚಿಪ್, ಅದೇ ಬ್ರಿಡ್ಜ್. ಕಾರ್ಡಿನೊಳಗಿನ ಪುಟ್ಟ ಬಸ್ಸನ್ನು, ಅಂದರೆ ಚಿಪ್‌ಗಳು ಹಂಚಿಕೊಳ್ಳುವ ಡೇಟಾ ದಾರಿಯನ್ನು, ಕಂಪ್ಯೂಟರಿನ ಬಸ್ಸಿಗೆ ಜೋಡಿಸುವ ಸೇತುವೆ.

ಒಂದು ಸಂಜೆ ಭೂತಗನ್ನಡಿ ಹಿಡಿದು ಈ ಕಾರ್ಡಿನ ತಾಮ್ರದ ಗೆರೆಗಳ ಜಾಡು ಹಿಡಿದೆ. ಡೇಟಾ ಒಯ್ಯುವ ಗೆರೆಗಳೆಲ್ಲ ಬ್ರಿಡ್ಜ್ ಹೊಕ್ಕು ಆಚೆ ಬದಿಯಿಂದ ಹೊರಬರುತ್ತವೆ. ಆದರೆ ನಾಲ್ಕೂ ಚಿಪ್‌ಗಳಿಂದ ಹೊರಟ ಒಂದೊಂದು ಎಳೆ ಮಾತ್ರ ಬ್ರಿಡ್ಜನ್ನು ಮುಟ್ಟುವುದೇ ಇಲ್ಲ. ಪಕ್ಕದಿಂದ ಬಳಸಿಕೊಂಡು ನೇರ ಹಲ್ಲುಗಳಿಗೆ ಹೋಗುತ್ತವೆ: ಒಂದು ಬದಿಯ 6 ಮತ್ತು 7ನೇ ಹಲ್ಲು, ಇನ್ನೊಂದು ಬದಿಯ 7 ಮತ್ತು 8ನೇ ಹಲ್ಲು. ಇವು ಇಂಟರಪ್ಟ್ ತಂತಿಗಳು. ‘ನನ್ನಲ್ಲಿ ಕೆಲಸ ಬಂದಿದೆ, ಇತ್ತ ನೋಡು’ ಎಂದು ಚಿಪ್ ಪ್ರೊಸೆಸರನ್ನು ಕೂಗಿ ಕರೆಯುವ ದಾರಿ ಇದು.

ನನ್ನ ತಲೆ ಹೊಕ್ಕ ಪ್ರಶ್ನೆ ಇಷ್ಟೇ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಕಣ್ಣಿಲ್ಲ, ಭೂತಗನ್ನಡಿಯೂ ಇಲ್ಲ. ಬ್ರಿಡ್ಜಿನ ಹಿಂದೆ ಕೂತ ಮೂರನೇ ಚಿಪ್‌ನ ಕೂಗು ಯಾವ ತಂತಿಯಲ್ಲಿ ಬರುತ್ತದೆಂದು ಅದಕ್ಕೆ ಹೇಳಿದವರು ಯಾರು?

ಉತ್ತರಕ್ಕಾಗಿ ತುಸು ಹಿಂದೆ ಹೋಗಬೇಕು. 1981ರ ಐಬಿಎಂ ಪಿಸಿಯಲ್ಲಿ ಇಂಟರಪ್ಟ್‌ಗಳನ್ನು ನೋಡಿಕೊಳ್ಳುತ್ತಿದ್ದುದು ಇಂಟೆಲ್‌ನ 8259 ಚಿಪ್. ಅದರಲ್ಲಿ ಎಂಟು ತಂತಿ. 1984ರ ಪಿಸಿ ಎಟಿಯಲ್ಲಿ ಮೊದಲ ಚಿಪ್‌ನ ಒಂದು ತಂತಿಗೆ ಎರಡನೆಯದನ್ನು ನೇತುಹಾಕಿದರು, ಬಳಕೆಗೆ ಹದಿನೈದು ಸಿಕ್ಕವು. ಒಂದು ತಂತಿಗೆ ಒಂದೇ ಕಾರ್ಡ್, ಹಂಚಿಕೊಳ್ಳುವಂತಿರಲಿಲ್ಲ. ಪ್ರಿಂಟರಿಗೆ 7, ಸೀರಿಯಲ್ ಪೋರ್ಟುಗಳಿಗೆ 4 ಮತ್ತು 3. ಸೌಂಡ್ ಕಾರ್ಡನ್ನೂ ಏಳಕ್ಕೆ ಇಟ್ಟರೆ ಜಗಳ ಶುರು. ಕಾರ್ಡಿನ ಮೇಲಿನ ಜಂಪರ್ ಎಂಬ ಕಡಲೆಕಾಳಿಗಿಂತ ಚಿಕ್ಕ ಟೋಪಿಯನ್ನು ಉಗುರಿನಿಂದ ಕಿತ್ತು ಪಕ್ಕದ ಪಿನ್ನಿಗೆ ಹಾಕಿ, ಮತ್ತೆ ಕಂಪ್ಯೂಟರ್ ಚಾಲೂ ಮಾಡಿ ನೋಡುತ್ತಿದ್ದ ದಿನಗಳವು. ಯಾವ ಕೂಗು ಯಾವ ತಂತಿಗೆ ಎಂದು ತೀರ್ಮಾನಿಸುತ್ತಿದ್ದವನು ಬಳಕೆದಾರನೇ.

1992ರಲ್ಲಿ ಇಂಟೆಲ್ ಪಿಸಿಐ ಬಸ್ ತಂದಿತು. ಪ್ರತಿ ಸ್ಲಾಟಿಗೂ ಎ, ಬಿ, ಸಿ, ಡಿ ಎಂಬ ನಾಲ್ಕು ಇಂಟರಪ್ಟ್ ತಂತಿ. ಈಗ ಒಂದೇ ತಂತಿಯನ್ನು ಹಲವು ಕಾರ್ಡು ಹಂಚಿಕೊಳ್ಳಬಹುದು. ಹಳೆಯ ವಠಾರದ ಹೆಬ್ಬಾಗಿಲಿಗೆ ಒಂದೇ ಗಂಟೆ ಇದ್ದಂತೆ: ಬಾರಿಸಿದಾಗ ಪ್ರತಿ ಮನೆಯವರೂ ‘ನಮಗೇನಾ?’ ಎಂದು ಇಣುಕಬೇಕು, ಸಂಬಂಧಪಟ್ಟವರು ಬಂದು ಮಾತಾಡಿಸುವವರೆಗೆ ಗಂಟೆ ನಿಲ್ಲುವುದಿಲ್ಲ. ಆದರೆ ಒಂದೇ ಕೆಲಸ ಮಾಡುವ ಕಾರ್ಡು ‘ಎ’ ತಂತಿಯನ್ನೇ ಬಳಸಬೇಕೆಂಬುದು ನಿಯಮ. ಬಹುಪಾಲು ಕಾರ್ಡುಗಳು ಅಂಥವೇ. ಎಲ್ಲ ಸ್ಲಾಟುಗಳ ‘ಎ’ಗಳನ್ನು ಒಟ್ಟಿಗೆ ಬೆಸೆದರೆ ಇಡೀ ವಠಾರ ಒಂದೇ ಗಂಟೆಗೆ ಎದ್ದು ಓಡುತ್ತದೆ, ಉಳಿದ ಮೂರು ಗಂಟೆಗಳಿಗೆ ಕೆಲಸವೇ ಇರುವುದಿಲ್ಲ. ಅದಕ್ಕೆ ಬೋರ್ಡು ಮಾಡುವವರು ಸರದಿ ತಂದರು. ಮೊದಲ ಸ್ಲಾಟಿನ ಎ ಮೊದಲ ತಂತಿಗೆ, ಎರಡನೆಯದರ ಎ ಎರಡನೇ ತಂತಿಗೆ, ಹೀಗೆ ಸುತ್ತಿಸುತ್ತಾ ಹೋದರು.

ಮದರ್‌ಬೋರ್ಡಿನ ಮಟ್ಟಿಗೆ ಇದು ಅವರವರ ಇಷ್ಟ. ಯಾವ ಸ್ಲಾಟಿನ ತಂತಿ ಎಲ್ಲಿಗೆ ಹೋಗಿದೆಯೆಂದು ಬೋರ್ಡಿನಲ್ಲೇ ಇರುವ ಬಯಾಸ್ ಎಂಬ ಆರಂಭದ ತಂತ್ರಾಂಶ ಒಂದು ಪಟ್ಟಿ ಮಾಡಿ ಕರ್ನಲ್‌ಗೆ ಕೊಡುತ್ತದೆ. ಕಾರ್ಡಿನ ಒಳಗೇ ಬ್ರಿಡ್ಜ್ ಬಂದಾಗ ತೊಡಕು ಶುರು. ಎಲ್ಲೋ ಯಾರೋ ಮಾಡಿದ ಕಾರ್ಡಿನೊಳಗಿನ ಎಳೆಗಳು ಇನ್ನೆಲ್ಲೋ ತಯಾರಾದ ಬೋರ್ಡಿನ ಬಯಾಸ್‌ಗೆ ಹೇಗೆ ಗೊತ್ತಾಗಬೇಕು? 1994ರ ಪಿಸಿಐ ಬ್ರಿಡ್ಜ್ ನಿಯಮಾವಳಿ ಇದನ್ನು ಒಂದು ಪುಟ್ಟ ಕೋಷ್ಟಕದಲ್ಲಿ ಬಗೆಹರಿಸಿತು. ಬ್ರಿಡ್ಜಿನ ಹಿಂದಿರುವ ಚಿಪ್‌ನ ಸಾಧನ ಸಂಖ್ಯೆಗೆ ಅದರ ತಂತಿಯ ಸಂಖ್ಯೆ ಕೂಡಿಸು (ಎ ಅಂದರೆ ಸೊನ್ನೆ, ಡಿ ಅಂದರೆ ಮೂರು), ನಾಲ್ಕರಿಂದ ಭಾಗಿಸು. ಉಳಿದ ಶೇಷವೇ ಬ್ರಿಡ್ಜಿನ ಈಚೆಯ ತಂತಿ. ಕಾರ್ಡು ಮಾಡುವವರೆಲ್ಲ ತಮ್ಮ ಎಳೆಗಳನ್ನು ಹೀಗೇ ಎಳೆಯಬೇಕು. ಎಂಜಿನಿಯರುಗಳ ಬಾಯಲ್ಲಿ ಇದಕ್ಕೆ ‘ಸ್ವಿಝಲ್’ ಎಂದು ಹೆಸರು.

ನಾಲ್ಕು ಕಿಂಡಿಯ ಕಾರ್ಡಿನಲ್ಲಿ ಚಿಪ್‌ಗಳ ಸಾಧನ ಸಂಖ್ಯೆ 4, 5, 6, 7 ಎಂದುಕೊಳ್ಳಿ. ನಾಲ್ಕೂ ಕೂಗುವುದು ‘ಎ’ಯಲ್ಲೇ. ಶೇಷ ಮಾತ್ರ 0, 1, 2, 3. ಹಾಗಾಗಿ ಸ್ಲಾಟಿಗೆ ಬಂದು ಸೇರುವಾಗ ಅವು ಎ, ಬಿ, ಸಿ, ಡಿ ಆಗಿ ಬೇರೆಬೇರೆಯಾಗಿರುತ್ತವೆ. ಲಿನಕ್ಸ್ ಕರ್ನಲ್‌ನಲ್ಲಿ ಈ ಲೆಕ್ಕ ಒಂದೇ ಸಾಲು. ಅದರ ಸುತ್ತ ಒಂದು ಸಣ್ಣ ಕುಣಿಕೆ: ಶೇಷ ತೆಗೆ, ಒಂದು ಬ್ರಿಡ್ಜ್ ಮೇಲೆ ಹತ್ತು, ಮತ್ತೆ ಶೇಷ ತೆಗೆ, ಬುಡದ ಬಸ್ ಸಿಗುವವರೆಗೆ. ಅಲ್ಲಿ ಬೋರ್ಡಿನ ಪಟ್ಟಿ ಕೈಗೆ ಸಿಗುತ್ತದೆ. ಪಟ್ಟಿಗಳು ಕಾಲಕ್ಕೆ ತಕ್ಕಂತೆ ಬದಲಾದವು: ಬಯಾಸ್‌ನ ಪಿಐಆರ್ ಪಟ್ಟಿ, ಬಹು ಪ್ರೊಸೆಸರ್ ಯಂತ್ರಗಳ ಎಂಪಿ ಪಟ್ಟಿ, 1996ರ ನಂತರ ಎಸಿಪಿಐ. ಬ್ರಿಡ್ಜಿನ ಹಿಂದಿನ ಬಸ್ಸುಗಳು ಎಂಪಿ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ತಾಯಿ ಬಸ್ಸಿನ ಮೂಲಕವೇ ಹುಡುಕಬೇಕು ಎಂದು ಲಿನಕ್ಸಿನವರು ಕೋಡಿನ ನಡುವೆಯೇ ಟಿಪ್ಪಣಿ ಬರೆದಿಟ್ಟಿದ್ದಾರೆ.

ಈ ಕತೆಯಲ್ಲಿ ನನಗೆ ಅಚ್ಚುಮೆಚ್ಚಿನ ಯಂತ್ರ ಡಿಜಿಟಲ್ ಕಂಪನಿಯ ಆಲ್ಫಾ. ಪಿಸಿಯಲ್ಲಿದ್ದಂಥ ಬಯಾಸ್ ಪಟ್ಟಿ ಅದರಲ್ಲಿರಲಿಲ್ಲ. ಹೀಗಾಗಿ ಲಿನಕ್ಸಿನಲ್ಲಿ ಒಂದೊಂದು ಬಗೆಯ ಆಲ್ಫಾ ಬೋರ್ಡಿಗೂ ಕಡತ ತೆರೆದು, ಯಾವ ಸ್ಲಾಟಿನ ಯಾವ ತಂತಿ ಎಲ್ಲಿಗೆಂದು ಕೈಯಾರೆ ಪಟ್ಟಿ ಬರೆದರು. ಲಿನಕ್ಸಿನ ಪಿಸಿಐ ಇಂಟರಪ್ಟ್ ಕಡತದ ತಲೆಯಲ್ಲಿ ಇವತ್ತಿಗೂ ಡೇವ್ ರಸ್ಲಿಂಗ್, ಡೇವಿಡ್ ಮೊಸ್‌ಬರ್ಗರ್, ಡೇವಿಡ್ ಮಿಲ್ಲರ್ ಎಂಬ ಮೂರು ಹೆಸರಿವೆ. ರಸ್ಲಿಂಗ್ ಡಿಜಿಟಲ್‌ನವರು. ‘ದಿ ಲಿನಕ್ಸ್ ಕರ್ನಲ್’ ಎಂಬ ಪುಸ್ತಕ ಬರೆದು, ಪಿಸಿಐಗೆಂದೇ ಅದರಲ್ಲೊಂದು ಅಧ್ಯಾಯ ಮೀಸಲಿಟ್ಟು, ಎಲ್ಲರೂ ಓದಲೆಂದು ಮುಕ್ತವಾಗಿ ಹಂಚಿದರು. ತಿಳಿದದ್ದನ್ನು ಬಚ್ಚಿಡದೆ ಬರೆದಿಟ್ಟ ಇಂಥವರ ಋಣ ದೊಡ್ಡದು.

ನೋರಿಟಾಕೆ ಎಂಬ ಆಲ್ಫಾ ಬೋರ್ಡಿನ ಕಡತ ತೆರೆದು ನೋಡಿ. ಬೋರ್ಡಿನ ಮೇಲೇ ಬೆಸೆದ ಬ್ರಿಡ್ಜಿಗೆ ಸರದಿಯ ಲೆಕ್ಕ ಅನ್ವಯಿಸುವುದಿಲ್ಲ. ಸಾಧನ ಸಂಖ್ಯೆಗೆ ಹದಿನೈದು ಕೂಡಿಸಿ ಪಟ್ಟಿಯಲ್ಲಿ ಹುಡುಕಬೇಕು. ಆ ಹದಿನೈದರ ಮುಂದೆ ಬರೆದವರು ಮೂರೇ ಇಂಗ್ಲಿಷ್ ಅಕ್ಷರದಲ್ಲಿ ಒಪ್ಪಿಕೊಂಡಿದ್ದಾರೆ: ಇದು ಬರೀ ಊಹೆ. ಆ ಸಾಲು ಓದಿದಾಗ ನನಗೆ ಸಂಕಟವಾಯಿತು. 1998ರಲ್ಲಿ ಡಿಜಿಟಲ್ ಕಂಪ್ಯಾಕ್‌ನ ಕೈಸೇರಿತು, 2002ರಲ್ಲಿ ಕಂಪ್ಯಾಕ್ ಎಚ್‌ಪಿಯ ಕೈಸೇರಿತು, ಆಮೇಲೆ ಆಲ್ಫಾ ಮಾರಾಟವೇ ನಿಂತಿತು. ಕೋಡಿನಲ್ಲಿ ಆ ಊಹೆ ಊಹೆಯಾಗಿಯೇ ಉಳಿದಿದೆ.

ಎಳೆ ತಪ್ಪಿದರೆ ಆಗುವುದೇನು? ಕೂಗು ಬೇರೆ ತಂತಿಯಲ್ಲಿ ಬರುತ್ತದೆ, ಆ ತಂತಿಯ ಡ್ರೈವರುಗಳೆಲ್ಲ ‘ನಮ್ಮದಲ್ಲ’ ಎನ್ನುತ್ತವೆ, ಗಂಟೆ ನಿಲ್ಲುವುದಿಲ್ಲ. ಒಂದು ಲಕ್ಷ ಕೂಗಿನಲ್ಲಿ 99,900ಕ್ಕಿಂತ ಹೆಚ್ಚಿಗೆ ಯಾರೂ ಓಗೊಡದಿದ್ದರೆ ಲಿನಕ್ಸ್ ಆ ತಂತಿಯನ್ನೇ ಮುಚ್ಚುತ್ತದೆ. ಅದೇ ತಂತಿಯಲ್ಲಿದ್ದ ತಪ್ಪಿಲ್ಲದ ಕಾರ್ಡುಗಳೂ ಆಗ ತೊಂದರೆಗೆ ಸಿಕ್ಕುತ್ತವೆ.

ಎಳೆ ಸರಿಯಿದ್ದರೂ ಒಂದು ಅಪಾಯ ಇದ್ದೇ ಇತ್ತು. ಡೇಟಾ ಬ್ರಿಡ್ಜಿನೊಳಗೆ ಕ್ಷಣಕಾಲ ತಂಗುತ್ತದೆ, ಕೂಗು ಪಕ್ಕದ ದಾರಿಯಲ್ಲಿ ಮುಂಚೆಯೇ ತಲುಪಿಬಿಡುತ್ತದೆ. ‘ಪತ್ರ ಬಂದಿದೆ’ ಎಂಬ ಸುದ್ದಿ ಪತ್ರಕ್ಕಿಂತ ಮೊದಲು ಬಂದ ಹಾಗೆ. ಡ್ರೈವರ್ ಮೊದಲು ಆ ಚಿಪ್‌ನ ರಿಜಿಸ್ಟರೊಂದನ್ನು ಓದಬೇಕು. ಆ ಉತ್ತರ ಹಿಂದಿರುಗುವಾಗ ಬ್ರಿಡ್ಜಿನಲ್ಲಿ ತಂಗಿದ್ದ ಡೇಟಾವನ್ನೂ ಮುಂದೆ ತಳ್ಳಿಕೊಂಡೇ ಬರುತ್ತದೆ. ಇಂಥ ಭಯ ಹೊಸದಲ್ಲ. 1950ರ ದಶಕದಲ್ಲಿ ನೆದರ್‌ಲೆಂಡ್ಸಿನ ಎಕ್ಸ್1 ಕಂಪ್ಯೂಟರಿಗೆ ಇಂಟರಪ್ಟ್ ಇಡೋಣವೆಂದು ಅದನ್ನು ಕಟ್ಟುತ್ತಿದ್ದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಹೇಳಿದಾಗ, ಅದಕ್ಕೆ ಪ್ರೋಗ್ರಾಂ ಬರೆಯಬೇಕಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರಾ ಹೆದರಿದ್ದರು. ಮತ್ತೆ ತೋರಿಸೆಂದರೆ ತೋರದ ದೋಷಗಳು ಹುಟ್ಟುತ್ತವೆ ಎಂಬುದೇ ಅವರ ಭಯವಾಗಿತ್ತು. ಅವರು ಹೆದರಿದ್ದರಲ್ಲಿ ಅರ್ಥವಿತ್ತು.

1998ರ ಪಿಸಿಐ 2.2 ಆ ಪಕ್ಕದ ದಾರಿಯನ್ನೇ ಬಿಡುವ ಉಪಾಯ ಕೊಟ್ಟಿತು. ಕೂಗು ಕೂಡ ಮೆಮೊರಿಗೆ ಬರೆಯುವ ಒಂದು ಸಂದೇಶವಾಗಿ, ಡೇಟಾದ ಹಿಂದೆಯೇ ಸಾಲಿನಲ್ಲಿ ಬಂತು. ಮುಂದೆ ಬಂದ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಆ ನಾಲ್ಕು ತಂತಿಗಳೇ ಇಲ್ಲ. ಆದರೂ ಹಳೆಯ ಸಾಫ್ಟ್‌ವೇರಿಗಾಗಿ ‘ಎ ಎದ್ದಿದೆ’, ‘ಎ ಇಳಿದಿದೆ’ ಎಂಬ ಸಂದೇಶಗಳನ್ನು ಉಳಿಸಿಕೊಂಡಿದ್ದಾರೆ. ಅವು ಬ್ರಿಡ್ಜಿನ ಜಾಗಕ್ಕೆ ಬಂದ ಸ್ವಿಚ್ ದಾಟುವಾಗ ಈಗಲೂ ನಾಲ್ಕರ ಸರದಿಯಲ್ಲೇ ತಿರುಗುತ್ತವೆ. ತಾಮ್ರ ಹೋಯಿತು, ಕಾಗದದ ಮೇಲಿನ ಒಪ್ಪಂದ ಉಳಿಯಿತು.

ಉಳಿದದ್ದೇಕೆಂದರೆ ಅದನ್ನು ಯಾರೋ ಸ್ಪಷ್ಟವಾಗಿ ಬರೆದಿಟ್ಟಿದ್ದರು. ಬರೆದಿಡದ ಕಡೆ ಊಹೆಯ ಹದಿನೈದು ಮಾತ್ರ ಉಳಿದಿದೆ. ಎಷ್ಟೋ ಬೋರ್ಡುಗಳ ಕೈಪಿಡಿಗಳು ನಮ್ಮ ಕಣ್ಣೆದುರೇ ರದ್ದಿಗೆ ಹೋಗುತ್ತಿವೆ. ನಿಮ್ಮ ಅಟ್ಟದ ಮೇಲೆ ಹಳೆಯ ಮದರ್‌ಬೋರ್ಡಿನ ಡಬ್ಬಿ ಇದ್ದರೆ ಗುಜರಿಗೆ ಹಾಕುವ ಮುನ್ನ ಅದರೊಳಗಿನ ಪುಸ್ತಿಕೆ ತೆಗೆದು, ಪುಟಪುಟವೂ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡಿ. ನೀವು ಕೋಡ್ ಬರೆಯುವವರಾದರೆ, ಒಂದು ಸಂಖ್ಯೆ ಎಲ್ಲಿಂದ ಬಂತೆಂದು ಅದರ ಪಕ್ಕದಲ್ಲೇ ಒಂದು ಸಾಲು ಬರೆಯಿರಿ.