ಆದೇಶವಿಲ್ಲದೆ ಕಡಿತವಾಗುವ ಪಿಂಚಣಿ

2021ರ ಜುಲೈ 28ರಂದು ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡ ಬಸವರಾಜ ಬೊಮ್ಮಾಯಿ ಅದೇ ದಿನ ಸಾಮಾಜಿಕ ಭದ್ರತಾ ಪಿಂಚಣಿಗಳ ಏರಿಕೆ ಪ್ರಕಟಿಸಿದರು. 65 ದಾಟಿದ ಬಡವರಿಗೆ ಕೊಡುವ ಸಂಧ್ಯಾ ಸುರಕ್ಷಾ ₹1000ದಿಂದ ₹1200ಕ್ಕೆ ಏರಿತು. ವಿಧವಾ ವೇತನ ಮತ್ತು ಶೇ 40ರಿಂದ 75ರಷ್ಟು ಅಂಗವೈಕಲ್ಯ ಇರುವವರ ಮಾಸಾಶನ ₹600ರಿಂದ ₹800 ಆಯಿತು.

ಆಗ ನಂದಿನಿ ಟೋನ್ಡ್ ಹಾಲಿನ ಬೆಲೆ ಲೀಟರಿಗೆ ₹37. ಏರಿಕೆಗೆ ಮುಂಚಿನ ₹1000ಕ್ಕೆ 27 ಲೀಟರ್ ಹಾಲು ಬರುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಅದೇ ಹಾಲು ₹46 ಆಯಿತು. ಏರಿದ ₹1200ಕ್ಕೆ ಸಿಗುವುದು 26 ಲೀಟರ್. ಹಾಲೊಂದನ್ನೇ ಹಿಡಿದು ಮಾತಾಡುವುದು ಬೇಡ ಎಂದರೆ ದೇಶದ ಗ್ರಾಹಕ ಬೆಲೆ ಸೂಚ್ಯಂಕವನ್ನೇ ನೋಡಬಹುದು. 2021ರ ಜುಲೈನಲ್ಲಿ 162ರ ಆಸುಪಾಸು ಇದ್ದದ್ದು 2025ರ ಜುಲೈ ಹೊತ್ತಿಗೆ 196ರ ಹತ್ತಿರ ಬಂತು. ಆ ಲೆಕ್ಕದಲ್ಲಿ ₹1200ರ ಬೆಲೆ ಹಳೆಯ ₹1000ಕ್ಕೆ ಇಳಿದಿದೆ. ನಾಲ್ಕೇ ವರ್ಷದಲ್ಲಿ ಇಡೀ ಏರಿಕೆ ಕರಗಿಹೋಯಿತು. ಯಾವ ಸರ್ಕಾರವೂ ಕಡಿತದ ಆದೇಶ ಹೊರಡಿಸಲಿಲ್ಲ, ಹೊರಡಿಸಬೇಕಾದ ಅಗತ್ಯವೂ ಇರಲಿಲ್ಲ.

ನಮ್ಮ ವೃದ್ಧಾಪ್ಯ ಮತ್ತು ಅಂಗವಿಕಲ ಪಿಂಚಣಿಗಳ ಬಹುಪಾಲು ರಚನೆ ಹೀಗೇ ಇದೆ. ರೂಪಾಯಿಯಲ್ಲಿ ಒಂದು ಮೊತ್ತ ನಿಗದಿಯಾಗುತ್ತದೆ, ಆಮೇಲೆ ಅದು ಅಲ್ಲೇ ನಿಲ್ಲುತ್ತದೆ. ಮುದುಕರ ಸಂಖ್ಯೆ ಕಡಿಮೆ ಇದ್ದಾಗ, ಮನೆಯಲ್ಲಿ ನೋಡಿಕೊಳ್ಳುವ ಕೈಗಳು ಹೆಚ್ಚಿದ್ದಾಗ ಈ ದೋಷ ಕಣ್ಣಿಗೆ ಬೀಳಲಿಲ್ಲ. ಇನ್ನು ಹತ್ತು ವರ್ಷದಲ್ಲಿ ಬೀಳುತ್ತದೆ.

2007ರಿಂದ ಅದೇ ₹200

ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದದ್ದು 1995ರ ಆಗಸ್ಟ್ 15ರಂದು. ಆಗ ವೃದ್ಧರಿಗೆ ತಿಂಗಳಿಗೆ ₹75. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಎಂಬ ಹೆಸರು ಬರುವ ಹೊತ್ತಿಗೆ, 2007ರಲ್ಲಿ, ಕೇಂದ್ರದ ಪಾಲು ₹200 ಆಗಿತ್ತು. 80 ದಾಟಿದವರಿಗೆ ₹500 ಎಂದು 2011ರಲ್ಲಿ ಸೇರಿಸಿದ್ದು ಬಿಟ್ಟರೆ ಉಳಿದವರ ಪಾಲಿಗೆ ಇವತ್ತಿಗೂ ಅದೇ ₹200. ಅಂಗವಿಕಲರಿಗೆ ಕೇಂದ್ರ ಕೊಡುವುದು ₹300. ಅದು ನಿಗದಿಯಾದದ್ದು 2012ರಲ್ಲಿ. ಅದನ್ನು ಪಡೆಯಲು ಬಡತನ ರೇಖೆಯ ಕೆಳಗಿರಬೇಕು, ಅಂಗವೈಕಲ್ಯ ಶೇ 80 ದಾಟಿರಬೇಕು.

2007ರಿಂದ ಈಚೆಗೆ ಬೆಲೆಗಳು ಸುಮಾರು ಮೂರು ಪಟ್ಟಾಗಿವೆ. ಇಂದಿನ ₹200ಕ್ಕೆ 2007ರ ಲೆಕ್ಕದಲ್ಲಿ ಬೆಲೆ ₹65ರ ಆಚೀಚೆ. 1995ರ ₹75ಕ್ಕಿಂತಲೂ ಇದು ಕಡಿಮೆ. ಈ ಮೊತ್ತವನ್ನು ಕನಿಷ್ಠ ₹500 ಮಾಡಿ ಎಂದು 60 ಅರ್ಥಶಾಸ್ತ್ರಜ್ಞರು 2017ರ ಡಿಸೆಂಬರ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರಿಗೆ ಪತ್ರ ಬರೆದರು, ಮರುವರ್ಷ ಮತ್ತೆ ಬರೆದರು. ₹200 ಅಲುಗಲಿಲ್ಲ. ಕರ್ನಾಟಕದಂಥ ರಾಜ್ಯಗಳು ತಮ್ಮ ಬೊಕ್ಕಸದಿಂದ ಮೇಲುಹಣ ಹಾಕಿ ₹1200 ಮಾಡಿಕೊಂಡಿವೆ. ಬಡ ರಾಜ್ಯಗಳಲ್ಲಿ ಆ ಮೇಲುಹಣವೂ ತೆಳು.

ಮೊತ್ತದಂತೆ ತಲೆಎಣಿಕೆಯೂ ನಿಂತುಬಿಟ್ಟಿದೆ. ಕೇಂದ್ರದ ಹಣ ಎಷ್ಟು ಜನರಿಗೆ ಎಂಬ ಮಿತಿಯನ್ನು 2001ರ ಜನಗಣತಿ ಮತ್ತು 2004–05ರ ಬಡತನ ಪ್ರಮಾಣದ ಮೇಲೆ ನಿಗದಿ ಮಾಡಲಾಗಿದೆ. ವೃದ್ಧಾಪ್ಯ ಪಿಂಚಣಿಗೆ ಆ ಮಿತಿ ಸುಮಾರು 2.21 ಕೋಟಿ ಜನ. 2001ರಲ್ಲಿ 36 ವರ್ಷವಿದ್ದ ಕೂಲಿಯವನಿಗೆ 2025ರಲ್ಲಿ 60 ತುಂಬಿದೆ. ಆದರೆ ಕೇಂದ್ರದ ಲೆಕ್ಕದಲ್ಲಿ ಅವನಿಗಾಗಿ ಹೊಸದಾಗಿ ತೆರೆದ ಜಾಗವಿಲ್ಲ. ಒಬ್ಬರು ತೀರಿಕೊಂಡು ಹೆಸರು ತೆಗೆದರೆ ಇನ್ನೊಬ್ಬರಿಗೆ ಜಾಗ. ಇಲ್ಲವಾದರೆ ಪೂರ್ತಿ ಹೊರೆ ರಾಜ್ಯದ್ದು.

ಏರುವ ಸಂಖ್ಯೆ, ಕುಗ್ಗುವ ಮನೆ

ರಾಷ್ಟ್ರೀಯ ಜನಸಂಖ್ಯಾ ಆಯೋಗದ ತಾಂತ್ರಿಕ ತಂಡದ ಅಂದಾಜಿನಂತೆ 2011ರಲ್ಲಿ ಸುಮಾರು 10 ಕೋಟಿ ಇದ್ದ 60 ದಾಟಿದವರ ಸಂಖ್ಯೆ 2036ಕ್ಕೆ 23 ಕೋಟಿ ಮುಟ್ಟಲಿದೆ. ಜನಸಂಖ್ಯೆಯಲ್ಲಿ ಅವರ ಪಾಲು ಶೇ 8.4ರಿಂದ ಶೇ 14.9ಕ್ಕೆ ಏರಲಿದೆ. ಇದು ಊಹಾಪೋಹವಲ್ಲ. 2036ರಲ್ಲಿ 60 ತುಂಬುವವರೆಲ್ಲ ಈಗಾಗಲೇ ಐವತ್ತರ ಆಸುಪಾಸಿನಲ್ಲಿ ನಮ್ಮ ನಡುವೆ ದುಡಿಯುತ್ತಿದ್ದಾರೆ.

ಅವರನ್ನು ನೋಡಿಕೊಳ್ಳುವವರ ಸಂಖ್ಯೆ ಇನ್ನೊಂದು ದಿಕ್ಕಿಗೆ ಸಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಅಂದರೆ ದಂಪತಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ಇರುವ ಮಗನೋ ಮಗಳೋ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಅಪ್ಪ ಅಮ್ಮ ಹಾವೇರಿಯಲ್ಲೋ ಹಾಸನದಲ್ಲೋ ಉಳಿಯುವುದು ಸಾಮಾನ್ಯವಾಗಿದೆ. ‘ಮಕ್ಕಳು ನೋಡಿಕೊಳ್ಳುತ್ತಾರೆ’ ಎಂಬ ನಂಬಿಕೆಯೇ ಇಲ್ಲಿಯವರೆಗೆ ಈ ದೇಶದ ಅತಿ ದೊಡ್ಡ ಪಿಂಚಣಿ ಯೋಜನೆಯಾಗಿತ್ತು. ಅದರ ವಂತಿಗೆದಾರರೇ ಕಡಿಮೆಯಾಗುತ್ತಿದ್ದಾರೆ.

ವಯಸ್ಸಾದಂತೆ ಅಂಗವೈಕಲ್ಯವೂ ಹೆಚ್ಚುತ್ತದೆ. ಪಾರ್ಶ್ವವಾಯು, ಸಕ್ಕರೆ ಕಾಯಿಲೆಯಿಂದ ಮಂಕಾದ ಕಣ್ಣು, ಸವೆದ ಮಂಡಿ, ಕೇಳದ ಕಿವಿ, ಇವೆಲ್ಲ ಅರವತ್ತರ ನಂತರ ಒಟ್ಟೊಟ್ಟಿಗೆ ಬರುವ ತೊಂದರೆಗಳು. 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ, ಅಂಗವಿಕಲರ ಪೈಕಿ ಪ್ರಮಾಣಪತ್ರ ಇದ್ದವರು ಶೇ 28.8 ಮಾತ್ರ. ಸರ್ಕಾರದಿಂದ ಏನಾದರೂ ನೆರವು ಪಡೆದವರು ಶೇ 21.8. ಪ್ರಮಾಣಪತ್ರವಿಲ್ಲದೆ ಮಾಸಾಶನವಿಲ್ಲ. ನಡೆಯಲಾಗದವರು ಪ್ರಮಾಣಪತ್ರಕ್ಕಾಗಿ ಜಿಲ್ಲಾಸ್ಪತ್ರೆಗೆ ಅಲೆಯಬೇಕು.

ಕಾನೂನು ಮಾತ್ರ ಉದಾರವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಂ ಪ್ರಕಾರ, ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ಅಂಗವಿಕಲರಿಗೆ ಸಿಗುವ ನೆರವು ಅಂಥದೇ ಯೋಜನೆಯಲ್ಲಿ ಇತರರಿಗೆ ಸಿಗುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಸಂಧ್ಯಾ ಸುರಕ್ಷಾದ ₹1200 ಅನ್ನು ಅಳತೆಗೋಲಾಗಿ ಹಿಡಿದರೆ ಅಂಗವಿಕಲರ ಮಾಸಾಶನ ₹1500 ಆಗಬೇಕಿತ್ತು. 2021ರ ಆ ಏರಿಕೆಯಲ್ಲಿ ಶೇ 40–75ರ ವರ್ಗಕ್ಕೆ ಸಿಕ್ಕದ್ದು ₹800.

ದುಡಿದವರ ಕಥೆ

ಬಡವರ ಪಾಡು ಹೀಗಾದರೆ, ತಿಂಗಳ ಸಂಬಳದಲ್ಲಿ ಪಿಎಫ್ ಕಟ್ಟಿದವರದ್ದು? 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಮಾಲೀಕರು ಕಟ್ಟುವ ಪಾಲಿನಿಂದ ಸಂಬಳದ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಆದರೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ ₹15,000. 58 ತುಂಬಿದಾಗ ಪಿಂಚಣಿ ಸಂಬಳವನ್ನು ಸೇವಾವಧಿಯಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಬರುತ್ತದೆ. 35 ವರ್ಷ ದುಡಿದವರಿಗೂ ಅದು ₹7,500ರ ಆಸುಪಾಸು ಮಾತ್ರ. ಹತ್ತು ವರ್ಷದ ಸೇವೆ ಇಲ್ಲದಿದ್ದರೆ ಪಿಂಚಣಿಯೇ ಇಲ್ಲ.

ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಪಿಎಫ್ ಖಾತೆಯನ್ನು ಊಹಿಸಿಕೊಳ್ಳಿ. ಇಪ್ಪತ್ತಕ್ಕೆ ಕೆಲಸಕ್ಕೆ ಸೇರಿದಳು. ಮೂರು ವರ್ಷದ ಮೇಲೆ ಮದುವೆ, ಕೆಲಸ ಬಿಟ್ಟಳು, ಪಿಎಫ್ ಜೊತೆಗೆ ಪಿಂಚಣಿ ಹಣವನ್ನೂ ತೆಗೆದಳು. ಮಗುವಿಗೆ ನಾಲ್ಕಾದ ಮೇಲೆ ಬೇರೆ ಫ್ಯಾಕ್ಟರಿ, ಆರು ವರ್ಷ. ಅತ್ತೆಯ ಆಪರೇಷನ್‌ಗೆಂದು ಮತ್ತೆ ಅದನ್ನೂ ತೆಗೆದಳು. ಆಮೇಲೆ ಇನ್ನೊಂದು ಕಡೆ ಏಳು ವರ್ಷ. ಒಟ್ಟು 16 ವರ್ಷ ಹೊಲಿಗೆ ಮಷೀನಿನ ಮುಂದೆ ಕೂತರೂ ಪಿಂಚಣಿ ಲೆಕ್ಕಕ್ಕೆ ಉಳಿದದ್ದು ಕೊನೆಯ ಏಳೇ ವರ್ಷ. ಹತ್ತಾಗಲಿಲ್ಲ. ಹಣ ತೆಗೆಯದೆ ಸೇವೆಯನ್ನು ಮುಂದುವರಿಸಿಕೊಂಡು ಬಂದಿದ್ದರೆ, ₹12,000 ಸಂಬಳದ ಮೇಲೆ 58ರಿಂದ ತಿಂಗಳಿಗೆ ₹2,700ರಷ್ಟು ಜೀವನಪೂರ್ತಿ ಸಿಗುತ್ತಿತ್ತು.

ಅವಳನ್ನು ದೂರುವುದು ಸುಲಭ. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58ರವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬರುತ್ತಿದೆ ಎಂದಾಗ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆ ತಡೆದು ಕೂತರು, ಕೇಂದ್ರ ನಿಯಮವನ್ನು ಹಿಂತೆಗೆದುಕೊಂಡಿತು. ಅವರಿಗೆ ಕೆಲಸ ಬಿಟ್ಟಾಗ ಆಸರೆಯಾಗುವ ಬೇರೆ ಹಣವಿರಲಿಲ್ಲ. ಮುಪ್ಪಿನ ಹಣವೇ ಮಗಳ ಮದುವೆಯ, ಆಸ್ಪತ್ರೆಯ, ಕೆಲಸವಿಲ್ಲದ ತಿಂಗಳುಗಳ ಹಣವೂ ಆಗಬೇಕಾದ ಕಡೆ ಮುಪ್ಪಿಗೆ ಏನೂ ಉಳಿಯುವುದಿಲ್ಲ.

ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಪಿಂಚಣಿ ₹1000 ಎಂದು ನಿಗದಿಯಾದದ್ದು 2014ರ ಸೆಪ್ಟೆಂಬರ್‌ನಲ್ಲಿ. ₹15,000ದ ಸಂಬಳ ಮಿತಿಯೂ ಆಗಲೇ ಬಂದದ್ದು. ಹನ್ನೊಂದು ವರ್ಷದಲ್ಲಿ ಆ ₹1000 ತನ್ನ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ನೌಕರರ ರಾಜ್ಯ ವಿಮಾ ಯೋಜನೆಯ (ಇಎಸ್‌ಐ) ಸಂಬಳ ಮಿತಿ ₹21,000ಕ್ಕೆ ನಿಂತದ್ದು 2017ರ ಜನವರಿಯಲ್ಲಿ. ಕೆಲಸದ ವೇಳೆ ಕೈ ಕಳೆದುಕೊಂಡವರಿಗೆ ಗಳಿಕೆಯ ಶಕ್ತಿ ಎಷ್ಟು ಕುಂದಿದೆ ಎಂದು ಅಳೆದು, ಸಂಬಳದ ಶೇ 90ರವರೆಗೆ ಜೀವನಪೂರ್ತಿ ಕೊಡುವ ಒಳ್ಳೆಯ ಯೋಜನೆ ಅದು. ಮಿತಿ ನಿಂತಲ್ಲೇ ನಿಂತು ಸಂಬಳ ಏರಿದರೆ ಕಾರ್ಮಿಕರು ಅದರ ಹೊರಗೆ ಜಾರುತ್ತಾರೆ.

2057ರ ₹1000

ಅಸಂಘಟಿತರಿಗಾಗಿ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯಲ್ಲಿ ಇದೇ ದೋಷ ಇನ್ನಷ್ಟು ಎದ್ದು ಕಾಣುತ್ತದೆ. 18ನೇ ವಯಸ್ಸಿನಲ್ಲಿ ಸೇರಿ ತಿಂಗಳಿಗೆ ₹42 ಕಟ್ಟಿದರೆ 60ರಿಂದ ₹1000, ₹210 ಕಟ್ಟಿದರೆ ₹5000 ಖಾತ್ರಿ. ಸೇರಿದವರಲ್ಲಿ ಬಹುಪಾಲು ಜನ ಆರಿಸಿಕೊಂಡದ್ದು ₹1000ದ ಹಂತ. 2015ರಲ್ಲಿ ಸೇರಿದ ಹುಡುಗನಿಗೆ 60 ತುಂಬುವುದು 2057ರಲ್ಲಿ. ರಿಸರ್ವ್ ಬ್ಯಾಂಕ್ ತನ್ನ ಗುರಿಯನ್ನು ತಪ್ಪದೆ ಸಾಧಿಸಿ ಹಣದುಬ್ಬರವನ್ನು ವರ್ಷಕ್ಕೆ ಶೇ 4ರಲ್ಲೇ ಹಿಡಿದಿಟ್ಟಿತು ಎಂದುಕೊಳ್ಳೋಣ. ಆಗಲೂ ಅವನ ಕೈಸೇರುವ ₹1000ಕ್ಕೆ 2015ರ ಲೆಕ್ಕದಲ್ಲಿ ಬೆಲೆ ₹193. ಹಣದುಬ್ಬರ ಶೇ 5 ಆದರೆ ₹129. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವುದು ಇದಕ್ಕೇ. ನಾಲ್ಕು ದಶಕ ಕಂತು ಕಟ್ಟಿದ ಮನುಷ್ಯ ತನಗೆ ಪಿಂಚಣಿ ಇದೆ ಎಂದು ನಂಬಿಕೊಂಡು ಬೇರೆ ಉಳಿತಾಯ ಮಾಡದೇ ಇದ್ದರೆ ಹಾನಿ ಇಮ್ಮಡಿ.

ದಾರಿ ಗೊತ್ತಿಲ್ಲ ಎನ್ನುವಂತಿಲ್ಲ

ಬೆಲೆ ಏರಿದಂತೆ ಪಿಂಚಣಿ ಏರಿಸುವ ವಿದ್ಯೆ ನಮಗೆ ಬರುತ್ತದೆ. ಕೇಂದ್ರ ನೌಕರರ ತುಟ್ಟಿಭತ್ಯೆ ಪ್ರತಿ ಜನವರಿ ಮತ್ತು ಜುಲೈಗೆ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಬದಲಾಗುತ್ತದೆ. ಕರ್ನಾಟಕದ ಕನಿಷ್ಠ ವೇತನದಲ್ಲೂ ಪ್ರತಿ ಏಪ್ರಿಲ್‌ಗೆ ವ್ಯತ್ಯಾಸವಾಗುವ ತುಟ್ಟಿಭತ್ಯೆ ಇದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆ ಸಲ್ಲಿಸಿದ ಕೇಂದ್ರ ನೌಕರರಿಗೆ ಕನಿಷ್ಠ ₹10,000 ಖಾತ್ರಿ, ಅದರ ಮೇಲೆ ತುಟ್ಟಿ ಪರಿಹಾರ. ಅದು ತಪ್ಪಲ್ಲ, ಪಿಂಚಣಿ ಎಂದರೆ ಹಾಗೇ ಇರಬೇಕು. ಅದೇ ಸರ್ಕಾರ ಕೂಲಿ ಮಾಡಿ ಮುಪ್ಪಾದವರಿಗೆ ₹200 ಕೊಟ್ಟು ಸೂಚ್ಯಂಕವನ್ನು ಮರೆಯುವುದು ತಪ್ಪು.

ಹಣ ಎಲ್ಲಿಂದ ಎಂಬುದು ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಕೇಂದ್ರದ ₹200ಕ್ಕೆ 2007ರ ಬೆಲೆಯನ್ನು ಮರಳಿಸಬೇಕಾದರೆ ಸುಮಾರು ₹600 ಬೇಕು. 2.21 ಕೋಟಿ ಜನರಿಗೆ ತಿಂಗಳಿಗೆ ₹400 ಹೆಚ್ಚೆಂದರೆ ವರ್ಷಕ್ಕೆ ₹10,600 ಕೋಟಿ. 2025–26ರ ಕೇಂದ್ರ ಬಜೆಟ್ ₹50.65 ಲಕ್ಷ ಕೋಟಿ. ಅದರಲ್ಲಿ ಇದು ನೂರು ರೂಪಾಯಿಗೆ 21 ಪೈಸೆ. ಮಿತಿಯನ್ನು ಇಮ್ಮಡಿ ಮಾಡಿದರೂ ಲೆಕ್ಕ ಬಜೆಟ್ಟಿನ ಶೇ 1ರ ಒಳಗೇ ಉಳಿಯುತ್ತದೆ. 2036ರವರೆಗೆ ಕಾದು ಒಮ್ಮೆಲೇ ಸರಿಪಡಿಸಲು ಹೊರಟರೆ ಆಗ ಹೊರೆ ನಿಜವಾಗಿಯೂ ದೊಡ್ಡದು.

ಅಲ್ಲಿಯವರೆಗೆ ಮನೆಮಟ್ಟದಲ್ಲಿ ಮಾಡಬಹುದಾದ ಕೆಲಸಗಳಿವೆ. ಕೆಲಸ ಬದಲಿಸುವಾಗ ಪಿಎಫ್ ಖಾತೆಯನ್ನು ವರ್ಗಾಯಿಸಿಕೊಳ್ಳಿ. ತಕ್ಷಣ ಬೇರೆ ಕೆಲಸ ಇಲ್ಲದಿದ್ದರೆ ಪಿಂಚಣಿ ಹಣ ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆಯಿರಿ, ಹಳೆಯ ಸೇವೆ ಮುಂದಿನ ಕೆಲಸಕ್ಕೆ ಕೂಡಿಕೊಳ್ಳುತ್ತದೆ. ಕೆಲಸದ ವೇಳೆ ಪೆಟ್ಟಾದರೆ ಅದು ಅಪಘಾತ ವರದಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ, ಇಎಸ್‌ಐ ಅಂಗವಿಕಲ ಸೌಲಭ್ಯಕ್ಕೆ ಅದೇ ಆಧಾರ. ಮನೆಯಲ್ಲಿ ಪಾರ್ಶ್ವವಾಯುವಾದ ಹಿರಿಯರಿದ್ದರೆ ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಆಧಾರ್ ಕಾರ್ಡಿನ ವಯಸ್ಸು ಸರಿಯಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು 60 ತುಂಬುವ ಮೊದಲೇ ನೋಡಿಕೊಳ್ಳಿ. ಕಲ್ಲು ಹೊತ್ತು, ಪಾತ್ರೆ ಉಜ್ಜಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದೆ ‘ಹೆಬ್ಬೆಟ್ಟು ಬರ್ತಿಲ್ಲಜ್ಜಿ, ನಾಳೆ ಬನ್ನಿ’ ಎಂದು ವಾಪಸು ಕಳಿಸಿದರೆ ಕಣ್ಣಿನ ಗುರುತಿನ ಅಥವಾ ಒಟಿಪಿಯ ದಾರಿ ಕೇಳಿ.

ಇಷ್ಟೆಲ್ಲ ಮಾಡಿದರೂ ನಿಂತ ಮೊತ್ತ ಕರಗುವುದು ತಪ್ಪುವುದಿಲ್ಲ. 2027ರ ಜನಗಣತಿ ಮುಗಿದ ಮೇಲೆ 2001ರ ಲೆಕ್ಕ ಹಿಡಿದು ಕೂರಲು ಯಾವ ನೆಪವೂ ಉಳಿಯುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಪಿಂಚಣಿಗೆ ₹200 ಸೇರಿಸುತ್ತೇವೆ, ₹500 ಸೇರಿಸುತ್ತೇವೆ ಎಂಬ ಭರವಸೆಗಳು ಖಂಡಿತ ಬರುತ್ತವೆ. ಕೇಳಬೇಕಾದ ಪ್ರಶ್ನೆ ಒಂದೇ: ಅದನ್ನು ಯಾವ ಬೆಲೆ ಸೂಚ್ಯಂಕಕ್ಕೆ ಜೋಡಿಸುತ್ತೀರಿ, ವರ್ಷಕ್ಕೆ ಎಷ್ಟು ಸಲ ಪರಿಷ್ಕರಿಸುತ್ತೀರಿ? ಇದಕ್ಕೆ ಉತ್ತರವಿಲ್ಲದ ಭರವಸೆಯ ಆಯುಸ್ಸು ಹೆಚ್ಚೆಂದರೆ ನಾಲ್ಕು ವರ್ಷ.