ಬಚ್ಚಲಲ್ಲಿ ‘ಟಪ್’ ಅಂದ್ರೆ ಸಿಟ್ಟೇಕೆ ಸ್ವಾಮಿ?

ಶಿಕಾರಿಪುರ, ಸೊರಬದ ಕಡೆ ಮಳೆ ಹಿಡಿಯಿತೆಂದರೆ ಗೋಡೆಯೆಲ್ಲ ಥಂಡಿ. ಗೀಸರ್ ಹಾಕಿದ ಕೂಡಲೇ ‘ಟಪ್’! ಮನೆಯೆಲ್ಲ ಕತ್ತಲೆ. ಸೋಪು ಹಚ್ಚಿಕೊಂಡವರ ಕೂಗು ಬೇರೆ. ಮೆಸ್ಕಾಂಗೆ ಬೈದು ಫಲವಿಲ್ಲ. ಮೀಟರಿನಿಂದ ಈಚೆಗೆ ಎಲ್ಲ ನಮ್ಮದೇ ಹೊಣೆ. “ಆ ಹಾಳು ಸ್ವಿಚ್ ತೆಗೆದು ಡೈರೆಕ್ಟ್ ಕೊಟ್ಟುಬಿಡು ಮಾರಾಯ” ಅನ್ನುವ ಯಜಮಾನರಿಗೂ ಕಮ್ಮಿಯಿಲ್ಲ. ಅದೊಂದು ಮಾತ್ರ ಮಾಡಿಸಬೇಡಿ.

ಬಿದ್ದದ್ದು ಯಾವ ಸ್ವಿಚ್, ಮೊದಲು ನೋಡಿ. ಎಂಸಿಬಿ ಬಿದ್ದರೆ ಲೋಡು ಹೆಚ್ಚು, ಇಲ್ಲವೇ ಶಾರ್ಟು. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತೆ. 6 ಆಂಪಿಯರ್ ಲೈನಿಗೆ ಸಿಕ್ಕಿಸಿದರೆ ಬೀಳದೆ ಇನ್ನೇನು? ‘ಟೆಸ್ಟ್’ ಗುಂಡಿ ಇರುವಂಥದ್ದು, ಜನ ಇಎಲ್‌ಸಿಬಿ ಅನ್ನೋದು, ಬಿದ್ದರೆ ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿದೆ. ಮನೆಗೆ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರಿನದು. ಸೋರಿಕೆ ಅಷ್ಟಾಗುವುದರೊಳಗೆ ಲೈನು ಕಡಿಯುತ್ತೆ. ಒದ್ದೆ ಮೈಗೆ ಅದಕ್ಕಿಂತ ಸ್ವಲ್ಪ ಹೆಚ್ಚಾದರೂ ಸಾಕು, ಜೀವಕ್ಕೇ ಸಂಚಕಾರ.

ಇಎಲ್‌ಸಿಬಿಯೇ ಬೀಳುತ್ತಿದ್ದರೆ ಗೀಸರ್, ವಾಷಿಂಗ್ ಮಷೀನ್ ಪ್ಲಗ್ಗುಗಳನ್ನು ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ನ್ಯೂಟ್ರಲ್ ತಗಲಿಕೊಂಡೇ ಇರುತ್ತೆ. ಒಣ ಕೈಯಲ್ಲಿ ಮೇಲೆತ್ತಿ. ಆಗಲೂ ಬಿದ್ದರೆ ವೈರಿಂಗಿನದೇ ತೊಂದರೆ. ಮಳೆಗಾಲವಾದರೆ ಪೈಪಿಗೋ ಜಂಕ್ಷನ್ ಬಾಕ್ಸಿಗೋ ನೀರಿಳಿದಿರಬಹುದು. ನಿಂತರೆ ಒಂದೊಂದೇ ಸಿಕ್ಕಿಸಿ ನೋಡಿ. ಗೀಸರ್ ಎರಡು ನಿಮಿಷ ಕಾದ ಮೇಲೆ ಬಿದ್ದರೆ ಅನುಮಾನ ಒಳಗಿನ ಕಾಯಿಲ್ ಮೇಲೆ. ಬಿಚ್ಚಲು ಹೋಗಬೇಡಿ, ಲೈಸೆನ್ಸ್ ಇದ್ದವರನ್ನು ಕರೆಸಿ, ಅರ್ಥಿಂಗನ್ನೂ ನೋಡಿಸಿ. ಅಂದಹಾಗೆ, ಆ ‘ಟೆಸ್ಟ್’ ಗುಂಡಿ ಒತ್ತಿದಾಗ ಬೀಳದಿದ್ದರೆ ಸ್ವಿಚ್ಚೇ ಸತ್ತಿದೆ, ಅವತ್ತೇ ಬದಲಾಯಿಸಿ.