ಚಹದ ಕಿಟ್ಲಿ, ಉಪ್ಪಿನ ಮರಿಗೆ

ಕೈಗಾ ಸಮೀಪದ ನಮ್ಮ ಮನೆಯಲ್ಲಿ ಆಯಿ ಚಹ ಮಾಡುವ ರೀತಿ ಬಹು ಸರಳ. ನೀರು, ಹಾಲು, ಸಕ್ಕರೆ, ಪುಡಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಕಿಟ್ಲಿಯನ್ನು ಕಾಣಬೇಕಾದರೆ ಚಹದಂಗಡಿಗೇ ಹೋಗಬೇಕು. ಆದ್ದರಿಂದ ಅಮೇರಿಕೆಯ ಇತಿಹಾಸವನ್ನು ಓದುವಾಗ, ಅಲ್ಲಿಯ ಸ್ವಾತಂತ್ರ್ಯದ ಹೋರಾಟವು ಮನೆಮನೆಯ ಕಿಟ್ಲಿಯವರೆಗೂ ಹೋಗಿತ್ತೆಂಬುದು ನನಗೆ ಸೋಜಿಗವಾಗಿ ತೋರಿತು.

೧೮ನೆಯ ಶತಮಾನದಲ್ಲಿ ಅಮೇರಿಕೆಯ ಪೂರ್ವ ತೀರದ ವಸಾಹತುಗಳು ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿದ್ದುವು. ಮೊದಮೊದಲು ಸಿರಿವಂತರ ಪಾನೀಯವಾಗಿದ್ದ ಚಹವು ಬರಬರುತ್ತ ಸಾಧಾರಣ ಕುಟುಂಬಗಳಿಗೂ ಹಬ್ಬಿತು. ಅಲ್ಲಿ ಕಿಟ್ಲಿಯಲ್ಲಿ ಕಾಯಿಸುತ್ತಿದ್ದುದು ಬರಿಯ ನೀರನ್ನು. ತಾಮ್ರದ ಇಲ್ಲವೆ ಕಬ್ಬಿಣದ ಕಿಟ್ಲಿಯನ್ನು ಬೆಂಕಿಯ ಮೇಲೆ ಕೊಕ್ಕೆಗೆ ತೂಗಹಾಕುತ್ತಿದ್ದರು. ಚಹದ ಎಲೆಯನ್ನು ಬೇರೊಂದು ಪಾತ್ರೆಯಲ್ಲಿಟ್ಟು, ಕುದಿನೀರು ಸುರಿದು, ಬಣ್ಣ ಬಿಟ್ಟ ಮೇಲೆ ಬಟ್ಟಲಿಗೆ ಬಗ್ಗಿಸುವರು. ನಮ್ಮಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುವಂತೆ, ಅಲ್ಲಿ ಚಹ ಕೊಡುವುದು ಮನೆಯ ಮರ್ಯಾದೆಯ ಮಾತಾಗಿತ್ತು.

ಆ ಎಲೆ ಚೀನದ್ದು. ಅದರ ವ್ಯಾಪಾರ ಈಸ್ಟ್ ಇಂಡಿಯಾ ಕಂಪನಿಯದು. ೧೭ನೆಯ ಶತಮಾನದಲ್ಲಿ ಮೆಣಸಿನ ಆಸೆಯಿಂದ ನಮ್ಮ ಕಾರವಾರದಲ್ಲಿ ಕೋಠಿ ನಡೆಸಿದ ಕಂಪನಿಯೂ ಇದೇ. ೧೭೬೭ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಚಹಕ್ಕೆ ಪೌಂಡಿಗೆ ಮೂರು ಪೆನ್ಸಿನಂತೆ ಸುಂಕ ಹಾಕಿತು. ೧೭೭೩ರ ಕಾಯಿದೆಯಿಂದ ಕಂಪನಿಯ ಚಹವೇನೋ ಅಗ್ಗವಾಯಿತು. ಸುಂಕ ಮಾತ್ರ ಉಳಿಯಿತು. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ತಮ್ಮ ಮೇಲೆ ತೆರಿಗೆ ಹೇರಬಾರದೆಂಬುದು ಜನರ ವಾದ. ಅಗ್ಗವೆಂದು ಕುಡಿದರೆ ಆ ತೆರಿಗೆಯನ್ನು ಒಪ್ಪಿದಂತೆಯೇ ಅಲ್ಲವೆ? ಅದೇ ವರ್ಷ ಡಿಸೆಂಬರ್ ೧೬ರಂದು ಬೋಸ್ಟನ್ ಬಂದರಿನಲ್ಲಿ ೩೪೨ ಪೆಟ್ಟಿಗೆ ಚಹವನ್ನು ನೀರಿಗೆ ಸುರಿದರು. ೧೭೭೪ರ ಅಕ್ಟೋಬರಿನಲ್ಲಿ ಈಡನ್‌ಟನ್ ಎಂಬ ಊರಿನ ೫೧ ಮಂದಿ ಹೆಂಗಸರು ಬಹಿಷ್ಕಾರವನ್ನು ಬೆಂಬಲಿಸಿ ರುಜು ಹಾಕಿದರು. ಅನೇಕ ಮನೆಗಳಲ್ಲಿ ಕಿಟ್ಲಿ ಒಲೆಯಿಂದ ಇಳಿಯಲಿಲ್ಲ; ಚಹದ ಬದಲು ಗಿಡಗಳ ಎಲೆಯ ಕಷಾಯ ಬಂದಿತು, ಅಷ್ಟೆ.

ಇದನ್ನು ಆಯಿಗೆ ಹೇಳಿದೆ. "ಅಗ್ಗಕ್ಕೆ ಕೊಟ್ಟರೂ ಬೇಡ ಅಂದರೆ?" ಎಂದಳು. ಒಂದೊಂದು ರೂಪಾಯಿ ಎಣಿಸಿ ನನ್ನನ್ನು ಕಾಲೇಜಿಗೆ ಕಳಿಸಿದವಳಿಗೆ ಈ ಸಂದೇಹ ಸಹಜವೇ. ಆಗ ನಮ್ಮ ಅಂಕೋಲೆಯ ಮಾತು ತೆಗೆದೆ. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಚಹವನ್ನು ಬಿಟ್ಟು ಬದುಕಬಹುದು, ಉಪ್ಪನ್ನು ಬಿಡಲಾಗದು. ಆದುದರಿಂದ ಅವರು ಕುಡಿಯುವುದನ್ನು ನಿಲ್ಲಿಸಿದರು. ನಮ್ಮವರು ಉಪ್ಪನ್ನು ತಾವೇ ಮಾಡಿದರು. ದಾರಿ ಬೇರೆ, ಪ್ರಶ್ನೆ ಒಂದೇ: ನಮ್ಮನ್ನು ಕೇಳದೆ ನಮ್ಮ ಅಡಿಗೆಮನೆಯಲ್ಲಿ ಕೈಯಿಡುವ ಅಧಿಕಾರ ಯಾರದು?

ಆಯಿ ಉಪ್ಪಿನ ಮರಿಗೆಯ ಕಡೆ ಒಮ್ಮೆ ನೋಡಿ, "ಹಂಗಾರೆ ಸರಿ" ಎಂದಳು.